ಮಾರಿಸ್ ಮೈನರ್ ಕಾರಿನ ಬ್ರೇಕ್ ಮಾಸ್ಟರ್ ಸಿಲಿಂಡರ್ ನೀವೇ ಬದಲಿಸುವುದು ಹೇಗೆ

ಹಳೇ ಮಾರಿಸ್ ಮೈನರ್ ಇಟ್ಟುಕೊಂಡವರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಬ್ರೇಕ್ ಪೆಡಲ್ ತುಳಿದರೆ ನಿಧಾನಕ್ಕೆ ಕೆಳಗೆ ಇಳಿಯುತ್ತೆ, ಮಾಸ್ಟರ್ ಸಿಲಿಂಡರ್ ಹೋಗಿದೆ ಅಂತಾರೆ, ಮನೆಯಲ್ಲೇ ಬದಲಿಸೋಕೆ ಆಗುತ್ತಾ? ಆಗುತ್ತೆ. ಒಂದು ಇಡೀ ದಿನ ಬಿಡುವು ಬೇಕು, ಪೆಡಲ್ ತುಳಿಯಲು ಜೊತೆಗೊಬ್ಬರು ಬೇಕು, ಕಾರಿನ ಕೆಳಗೆ ಮಲಗಲು ಗಟ್ಟಿ ನೆಲ ಬೇಕು. ಕೆಲಸದಲ್ಲಿ ಗುಟ್ಟೇನೂ ಇಲ್ಲ. ಆದರೆ ಎರಡು ಕಡೆ ಜನ ಎಡವುತ್ತಾರೆ. ಒಂದು, ಸಿಲಿಂಡರಿನ ಬೋಲ್ಟ್ ಹೊರಗೆ ಎಳೆಯುವಾಗ. ಇನ್ನೊಂದು, ಎಲ್ಲ ಜೋಡಿಸಿ ಮುಗಿಸಿದ ಮೇಲೆ ಪೆಡಲಿನ ಪ್ಲೇ, ಅಂದರೆ ಒತ್ತಲು ಶುರು ಮಾಡಿದಾಗ ಇರಬೇಕಾದ ಚೂರು ಖಾಲಿ ಆಟ, ನೋಡದೆ ಬಿಟ್ಟಾಗ. ಮೊದಲನೆಯದರಲ್ಲಿ ಹೋಗುವುದು ಸಮಯ ಮಾತ್ರ. ಎರಡನೆಯದರಲ್ಲಿ ನಡುರಸ್ತೆಯಲ್ಲಿ ಬ್ರೇಕ್ ಕಚ್ಚಿಕೊಂಡು ನಿಲ್ಲುತ್ತೆ. ಹಾಗಾಗಿ ಆ ಭಾಗವನ್ನು ಕೆಳಗೆ ಸ್ವಲ್ಪ ಜಾಸ್ತಿಯೇ ವಿವರಿಸಿದ್ದೇನೆ, ದಯವಿಟ್ಟು ಅದನ್ನು ಹಾರಿಸಿ ಓದಬೇಡಿ.

ಮೈನರ್ 1948ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಕಾರು, ಅಲೆಕ್ ಇಸಿಗೊನಿಸ್ ಅವರ ವಿನ್ಯಾಸ, 1971ರವರೆಗೆ ತಯಾರಾಯಿತು. ನಮ್ಮಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಇದನ್ನೇ ಬೇಬಿ ಹಿಂದೂಸ್ತಾನ್ ಹೆಸರಿನಲ್ಲಿ ಮಾರಿತ್ತು. ಬೆಂಗಳೂರು, ಮೈಸೂರಿನ ಹಳೇ ಮನೆಗಳ ಶೆಡ್ಡುಗಳಲ್ಲಿ ಇವತ್ತಿಗೂ ಮೈನರ್‌ಗಳಿವೆ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್, ಲಾಕ್‌ಹೀಡ್ ಕಂಪನಿಯ ಹೈಡ್ರಾಲಿಕ್, ಅಂದರೆ ಆಯಿಲ್ ಒತ್ತಡದಿಂದ ನಡೆಯುವ, ವ್ಯವಸ್ಥೆ. ಮುಖ್ಯವಾದ ಮಾತು ಏನೆಂದರೆ ಇದು ಒಂದೇ ಸರ್ಕ್ಯೂಟಿನ ಬ್ರೇಕು. ಈಗಿನ ಕಾರುಗಳಲ್ಲಿ ಎರಡು ಸರ್ಕ್ಯೂಟ್ ಇರುತ್ತೆ, ಒಂದು ಹೋದರೂ ಇನ್ನೊಂದರಲ್ಲಿ ಕಾರು ನಿಲ್ಲುತ್ತೆ. ಮೈನರ್‌ನಲ್ಲಿ ಮಾಸ್ಟರ್ ಸಿಲಿಂಡರ್ ಕೈಕೊಟ್ಟರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತೆ, ಉಳಿಯುವುದು ಹಿಂದಿನ ಚಕ್ರದ ಕೇಬಲ್ ಹ್ಯಾಂಡ್ ಬ್ರೇಕ್ ಒಂದೇ. "ಆಮೇಲೆ ನೋಡೋಣ, ಸದ್ಯಕ್ಕೆ ಓಡಿಸೋಣ" ಅನ್ನುವ ಕೆಲಸ ಇದಲ್ಲ.

ನಿಜವಾಗಿ ಮಾಸ್ಟರ್ ಸಿಲಿಂಡರೇ ಕೆಟ್ಟಿದೆಯಾ?

ಮಾಸ್ಟರ್ ಸಿಲಿಂಡರ್ ಅಂದರೆ ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲ್‌ಗೆ ದಾಟಿಸುವ ಪಂಪು. ಒಳಗೊಂದು ಪಿಸ್ಟನ್, ಅದರ ಮುಂದೆ ಬಟ್ಟಲಿನ ಆಕಾರದ ರಬ್ಬರ್ ಕಪ್. ಕಪ್ ಸವೆದರೆ ಅಥವಾ ಬೋರಿನ ಗೋಡೆ, ಅಂದರೆ ಸಿಲಿಂಡರಿನ ಒಳಮೈ, ತುಕ್ಕು ಹಿಡಿದು ಗುಳಿ ಬಿದ್ದರೆ ಆಯಿಲ್ ಕಪ್ಪಿನ ಪಕ್ಕದಿಂದ ಹಿಂದಕ್ಕೆ ಜಾರುತ್ತೆ.

ಪೆಡಲನ್ನು ಒಂದೇ ಸಮ ಒತ್ತಿ ಹಿಡಿಯಿರಿ. ನಿಧಾನಕ್ಕೆ ನೆಲದ ಕಡೆ ಇಳಿಯುತ್ತಾ ಹೋದರೆ, ಚಕ್ರಗಳ ಹತ್ತಿರ, ಪೈಪುಗಳಲ್ಲಿ ಎಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ಕಪ್ ಹೋಗಿದೆ. ಸಿಲಿಂಡರಿನ ಮುಂದಿನ ರಬ್ಬರ್ ಬೂಟ್, ಅಂದರೆ ಧೂಳು ತಡೆಯುವ ರಬ್ಬರ್ ಹೊದಿಕೆ, ಒದ್ದೆಯಾಗಿದ್ದರೂ ಅಷ್ಟೇ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಅದು ಬೇರೆ ವಿಷಯ, ಪೈಪಿನಲ್ಲಿ ಗಾಳಿ ಸೇರಿರುತ್ತೆ. ತುಂಬಾ ಕೆಳಗೆ ಹೋಗಿ ಆಮೇಲೆ ಗಟ್ಟಿಯಾಗಿ ನಿಂತರೆ, ಎರಡನೇ ಸಲ ತುಳಿದಾಗ ಮೇಲೇ ಸಿಕ್ಕರೆ, ಬ್ರೇಕ್ ಶೂ (ಡ್ರಮ್ಮಿಗೆ ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುವ ತುಂಡು) ಅಡ್ಜಸ್ಟ್ ಮಾಡಿ ಬಹಳ ದಿನ ಆಗಿದೆ ಅಂತ ಅರ್ಥ. ಮೊದಲು ಅಡ್ಜಸ್ಟ್ ಮಾಡಿ ನೋಡಿ, ಹೇಗೆ ಅಂತ ಹತ್ತನೇ ಹಂತದಲ್ಲಿದೆ. ಅಷ್ಟರಲ್ಲೇ ಸರಿಹೋದ ಕಾರಿನ ಸಿಲಿಂಡರ್ ಸುಮ್ನೆ ಬಿಚ್ಚುವುದು ಯಾಕೆ?

ಕಿಟ್ಟಾ, ಸ್ಲೀವಾ, ಹೊಸದಾ?

ವಾಷರ್ ಕಿಟ್ ಅಂದರೆ ಕಪ್ಪು, ಸೀಲು, ಬೂಟುಗಳ ಸೆಟ್. ಬೋರು ಕನ್ನಡಿ ಹಾಗೆ ನುಣುಪಾಗಿದ್ದರೆ ಕಿಟ್ ಸಾಕು. ಆದರೆ 50-60 ವರ್ಷ ಹಳೆಯ ಎರಕದ ಕಬ್ಬಿಣದ ಸಿಲಿಂಡರಿನಲ್ಲಿ ಅಂಥ ಬೋರು ಸಿಗುವುದು ಅಪರೂಪ. ಬೆರಳಿನ ಉಗುರು ಒಳಗೆ ಆಡಿಸಿ ನೋಡಿ, ಎಲ್ಲಾದರೂ ತಡೆದರೆ ಕಿಟ್ ಹಾಕುವುದು ದುಡ್ಡು ದಂಡ. ಎಮರಿ ಪೇಪರಿನಲ್ಲಿ ಉಜ್ಜಿ ಗುಳಿ ತೆಗೆಯಲು ಹೋದರೆ ಬೋರು ದೊಡ್ಡದಾಗುತ್ತೆ, ಕಪ್ ಸಡಿಲವಾಗುತ್ತೆ.

ಸ್ಲೀವ್ ಅಂದರೆ ಲೇತಿನಲ್ಲಿ ಬೋರನ್ನು ಕೊರೆದು ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯ ಕೊಳವೆ ಕೂರಿಸಿ ಮತ್ತೆ ಮೂಲ ಅಳತೆಗೆ, ಅಂದರೆ 7/8 ಇಂಚಿಗೆ, ತರುವುದು. ಒಳ್ಳೆಯ ಲೇತ್‌ನವರು ಮಾಡಿದರೆ ಇದು ಹೊಸದಕ್ಕಿಂತ ಹೆಚ್ಚು ಬಾಳಿಕೆ ಬರುತ್ತೆ, ತುಕ್ಕಿನ ಚಿಂತೆಯೇ ಇಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಆಯಿಲ್ ಟ್ಯಾಂಕಿನಿಂದ ಬೋರಿಗೆ ಇಳಿಯುವ ಎರಡು ತೂತುಗಳಿವೆ, ಒಂದು ದೊಡ್ಡದು, ಒಂದು ಸೂಜಿ ತೂರುವಷ್ಟು ಸಣ್ಣದು. ಸ್ಲೀವ್ ಹಾಕಿದ ಮೇಲೆ ಎರಡನ್ನೂ ಅದೇ ಜಾಗದಲ್ಲಿ ಮತ್ತೆ ಕೊರೆಯಬೇಕು, ಒಳಗಡೆ ಏಳುವ ಲೋಹದ ಚೂಪು ಅಂಚನ್ನು ನಯ ಮಾಡಬೇಕು. ಚೂಪು ಉಳಿದರೆ ಹೊಸ ಕಪ್ಪನ್ನು ಮೊದಲ ದಿನವೇ ಕತ್ತರಿಸುತ್ತೆ. ಕೆಲಸ ಕೊಡುವಾಗಲೇ ಇದನ್ನು ಹೇಳಿ, ತರುವಾಗ ಟಾರ್ಚ್ ಬಿಟ್ಟು ನೋಡಿ.

ಹೊಸ ಸಿಲಿಂಡರ್ ಇಂಗ್ಲೆಂಡಿನಿಂದ ತರಿಸಬಹುದು, ಮೈನರ್ ಬಿಡಿಭಾಗ ಮಾಡುವವರು ಅಲ್ಲಿ ಇನ್ನೂ ಇದ್ದಾರೆ. ಸಾಗಣೆ, ಕಸ್ಟಮ್ಸ್ ಸೇರಿ ಬೆಲೆ ಏರುತ್ತೆ. ಕಾರನ್ನು ವಾರಗಟ್ಟಲೆ ಬಿಚ್ಚಿಡಲು ಆಗದವರಿಗೆ ಇದೇ ಒಳ್ಳೆಯದು. ಹಳೇ ಸಿಲಿಂಡರನ್ನು ಎಸೆಯಬೇಡಿ, ಅದಕ್ಕೆ ಸ್ಲೀವ್ ಹಾಕಿಸಿ ಎತ್ತಿಡಿ. ಗುಜರಿಯಿಂದ ತಂದ "ನೋಡೋಕೆ ಚೆನ್ನಾಗಿರೋ" ಹಳೇ ಸಿಲಿಂಡರನ್ನು ಮಾತ್ರ ಹಾಗೇ ಹಾಕಬೇಡಿ.

ಏನೇನು ಬೇಕು

ಸಿಲಿಂಡರಿನ ಜೊತೆ ಹೊಸ ಕಾಪರ್ ವಾಷರ್‌ಗಳು, ಹೊಸ ಸ್ಪ್ಲಿಟ್ ಪಿನ್, ಎರಡು ಹೊಸ ಹೈಟೆನ್ಸೈಲ್ ಬೋಲ್ಟ್ ಮತ್ತು ಲಾಕ್ ನಟ್ ತಂದಿಟ್ಟುಕೊಳ್ಳಿ. ಬೋಲ್ಟುಗಳನ್ನು ಹಳೆಯದರ ಉದ್ದ, ದಪ್ಪ, ಥ್ರೆಡ್ ಅಳೆದೇ ತೆಗೆದುಕೊಳ್ಳಬೇಕು, ಇಂಚು ಥ್ರೆಡ್ಡಿನದು, ಮಿಲಿಮೀಟರಿನದು ಅಲ್ಲ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಕಾಪರ್ ವಾಷರ್, ಬ್ರೇಕ್ ಪೈಪು, ಆಯಿಲ್ ಸಿಗುತ್ತೆ. ಹಳೆಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಸ್ಪ್ಯಾನರ್ ಇಂಚಿನವೇ ಬೇಕು. 1/2 ಇಂಚು ಅಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಕೂತ ಹಾಗೆ ಅನಿಸುತ್ತೆ, ಬಲ ಬಿದ್ದ ತಕ್ಷಣ ಜಾರಿ ನಟ್ಟಿನ ಮೂಲೆ ಉರುಟಾಗುತ್ತೆ. ಪೈಪಿನ ನಟ್ಟಿಗೆ ಫ್ಲೇರ್ ನಟ್ ಸ್ಪ್ಯಾನರ್ ಸಿಕ್ಕರೆ ತನ್ನಿ. ಅದು ರಿಂಗ್ ಸ್ಪ್ಯಾನರಿನ ಥರವೇ ಇರುತ್ತೆ, ಪೈಪು ತೂರಲು ಒಂದು ಕಡೆ ಸೀಳು ಬಿಟ್ಟಿರುತ್ತಾರೆ. ಜಾಕು, ನಾಲ್ಕು ಗಟ್ಟಿ ಸ್ಟ್ಯಾಂಡು, ಚಕ್ರಕ್ಕೆ ಕೊಡಲು ಮರದ ತುಂಡು, ತುಕ್ಕು ಬಿಡಿಸುವ ಸ್ಪ್ರೇ, ವೈರ್ ಬ್ರಷ್, ಪಾರದರ್ಶಕ ರಬ್ಬರ್ ಕೊಳವೆ, ಗಾಜಿನ ಬಾಟಲಿ, ಸಣ್ಣ ಆಲಿಕೆ, ಬೇಕಾದಷ್ಟು ಬಟ್ಟೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಮಲಗಿ ಕೆಲಸ ಮಾಡುವಾಗ ತುಕ್ಕು, ಮಣ್ಣು, ಆಯಿಲ್ ಮೂರೂ ನೇರ ಮುಖಕ್ಕೇ ಬೀಳುತ್ತವೆ.

ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದು, ಸೀಲ್ ಒಡೆಯದ ಡಬ್ಬ. ಕನಿಷ್ಠ ಒಂದು ಲೀಟರ್ ಇರಲಿ. ಡಾಟ್ 3 ಕೂಡ ನಡೆಯುತ್ತೆ. ಡಾಟ್ 5 ಅನ್ನುವುದು ಸಿಲಿಕೋನ್, ಅದನ್ನು ಇದರ ಜೊತೆ ಬೆರೆಸಲೇಬಾರದು. ಎಂಜಿನ್ ಆಯಿಲ್, ಸೀಮೆಎಣ್ಣೆ, ಪೆಟ್ರೋಲ್ ಒಂದು ಹನಿಯೂ ಒಳಗೆ ಸೇರಕೂಡದು, ತೊಳೆಯುವುದಕ್ಕೂ ಬಳಸಕೂಡದು. ರಬ್ಬರ್ ಊದಿಕೊಂಡು ಇಡೀ ವ್ಯವಸ್ಥೆಯ ಎಲ್ಲ ಕಪ್ಪುಗಳೂ ಹಾಳಾಗುತ್ತವೆ. ಇನ್ನು ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತೆ. ಬಿದ್ದರೆ ಒರೆಸುತ್ತಾ ಕೂರಬೇಡಿ, ತಕ್ಷಣ ನೀರು ಹಾಕಿ ತೊಳೆಯಿರಿ.

1. ಹಿಂದಿನ ದಿನವೇ ಸ್ಪ್ರೇ ಹೊಡೆಯಿರಿ

ಬಾನೆಟ್ ಎತ್ತಿ ಹುಡುಕಿದರೆ ಮಾಸ್ಟರ್ ಸಿಲಿಂಡರ್ ಕಾಣುವುದಿಲ್ಲ. ಅದಿರುವುದು ಡ್ರೈವರ್ ಪಾದದ ಕೆಳಗೆ, ನೆಲದ ತಗಡಿನ ಅಡಿಯಲ್ಲಿ, ಚಾಸಿಯ ಪೆಟ್ಟಿಗೆಯಂಥ ಉದ್ದ ಕಂಬಿಯೊಳಗೆ. ಕಾರ್ಪೆಟ್ ಎತ್ತಿದರೆ ಸ್ಕ್ರೂ ಹಾಕಿ ಕೂರಿಸಿದ ಒಂದು ಮುಚ್ಚಳದ ತಗಡು ಕಾಣುತ್ತೆ. ಆ ಸ್ಕ್ರೂಗಳಿಗೆ, ಕಾರಿನ ಕೆಳಗಿನಿಂದ ಸಿಲಿಂಡರನ್ನು ಹಿಡಿದಿರುವ ಎರಡು ಬೋಲ್ಟುಗಳಿಗೆ, ಪೈಪಿನ ನಟ್ಟುಗಳಿಗೆ ವೈರ್ ಬ್ರಷ್ ಹಾಕಿ ಉಜ್ಜಿ ಸ್ಪ್ರೇ ಹೊಡೆದು ರಾತ್ರಿ ಬಿಡಿ. ಕರಾವಳಿ ಕಡೆಯ ಕಾರಾದರೆ ಎರಡು ರಾತ್ರಿ ಬಿಡಿ.

2. ಕಾರು ಎತ್ತಿ ನಿಲ್ಲಿಸಿ

ಹಿಂದಿನ ಚಕ್ರಕ್ಕೆ ಮರದ ತುಂಡು ಕೊಟ್ಟು ಮುಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡ, ಅವು ಹೇಳದೆ ಕೇಳದೆ ಒಡೆಯುತ್ತವೆ. ಎತ್ತಿದ ಮೇಲೆ ಕಾರನ್ನು ಪಕ್ಕದಿಂದ ಜೋರಾಗಿ ತಳ್ಳಿ ನೋಡಿ, ಅಲುಗಾಡಿದರೆ ಇಳಿಸಿ ಮತ್ತೆ ಕೂರಿಸಿ.

3. ಆಯಿಲ್ ಖಾಲಿ ಮಾಡಿ

ಮೇಲಿನ ಮುಚ್ಚಳದ ತಗಡು ತೆಗೆದರೆ ಸಿಲಿಂಡರಿನ ತಲೆ ಮೇಲೆ ಆರು ಮೂಲೆಯ ಫಿಲ್ಲರ್ ಪ್ಲಗ್ ಸಿಗುತ್ತೆ. ಸುತ್ತಲಿನ ಮಣ್ಣು ಪೂರ್ತಿ ಗುಡಿಸಿ ಒರೆಸಿದ ಮೇಲೆಯೇ ಪ್ಲಗ್ ಬಿಚ್ಚಬೇಕು. ಪ್ಲಗ್ಗಿನಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿದೆ, ಅದು ಮುಚ್ಚಿಕೊಂಡಿದ್ದರೆ ಈಗಲೇ ತಂತಿ ಹಾಕಿ ಬಿಡಿಸಿಡಿ. ಸಿರಿಂಜಿನಲ್ಲಿ ಆಯಿಲ್ ಹೀರಿ ತೆಗೆಯಿರಿ. ತೆಗೆದ ಆಯಿಲ್ ಮತ್ತೆ ಬಳಸಬೇಡಿ, ಮೋರಿಗೂ ಚೆಲ್ಲಬೇಡಿ, ಗ್ಯಾರೇಜಿನ ಹಳೇ ಆಯಿಲ್ ಡ್ರಮ್ಮಿಗೆ ಕೊಡಿ.

4. ಪೈಪು, ಸ್ವಿಚ್ಚು ಬಿಚ್ಚಿ

ಪೈಪುಗಳೆಲ್ಲ ಸೇರುವ ಜೋಡಣೆಯ ಹತ್ತಿರವೇ ಸ್ಟಾಪ್ ಲೈಟಿನ ಸ್ವಿಚ್ ಇದೆ. ಮೈನರ್‌ನಲ್ಲಿ ಇದು ಆಯಿಲ್ ಒತ್ತಡದಿಂದ ಕೆಲಸ ಮಾಡುವ ಸ್ವಿಚ್. ಮೊದಲು ಬ್ಯಾಟರಿ ಕಳಚಿ, ಆಮೇಲೆ ಅದರ ವೈರ್ ಎಳೆಯಿರಿ. ಸಿಲಿಂಡರಿನ ತುದಿಯ ಟೊಳ್ಳು ಬೋಲ್ಟನ್ನು ಬಿಚ್ಚುವಾಗ ಎರಡೂ ಕಡೆಯ ಕಾಪರ್ ವಾಷರ್‌ಗಳನ್ನು ಯಾವುದು ಎಲ್ಲಿತ್ತು ಅಂತ ನೋಡಿಟ್ಟುಕೊಳ್ಳಿ. ಮೊಬೈಲಿನಲ್ಲಿ ಫೋಟೋ ತೆಗೆದರೆ ಒಳ್ಳೆಯದು. ಹಳೆಯದು ಕೆಳಗೆ ಬಿತ್ತಾ, ಸಿಲಿಂಡರಿಗೇ ಅಂಟಿಕೊಂಡಿದೆಯಾ ನೋಡಿ. ಅಂಟಿಕೊಂಡ ಹಳೇ ವಾಷರ್ ಮೇಲೆ ಹೊಸದು ಕೂರಿಸಿದರೆ ಎಷ್ಟು ಬಿಗಿ ಮಾಡಿದರೂ ಸೋರುತ್ತೆ.

ಪೈಪಿನ ನಟ್ ತಿರುಗುವಾಗ ಪೈಪೂ ಜೊತೆಗೆ ತಿರುಚಿಕೊಳ್ಳುತ್ತಿದ್ದರೆ ನಿಲ್ಲಿಸಿ. ಮತ್ತೆ ಸ್ಪ್ರೇ ಹೊಡೆದು ಸ್ವಲ್ಪ ಬಿಗಿ, ಸ್ವಲ್ಪ ಸಡಿಲ ಅಂತ ಆಡಿಸುತ್ತಾ ಬನ್ನಿ. ಆದರೂ ಪೈಪು ತಿರುಚಿದರೆ ಅದರ ಆಯಸ್ಸು ಮುಗಿದಿದೆ, ಬದಲಿಸಿ. ತೆರೆದ ಪೈಪಿನ ಬಾಯಿಗೆ ಶುದ್ಧ ಪ್ಲಾಸ್ಟಿಕ್ ಸುತ್ತಿ ಕಟ್ಟಿ, ಧೂಳು ಹೋಗಬಾರದು.

5. ಪುಶ್ ರಾಡ್ ಬಿಡಿಸಿ

ಪೆಡಲಿನಿಂದ ಪಿಸ್ಟನ್‌ವರೆಗೆ ಹೋಗುವ ಸಣ್ಣ ಕಡ್ಡಿಯೇ ಪುಶ್ ರಾಡ್. ಸ್ಪ್ಲಿಟ್ ಪಿನ್ ತೆಗೆದು ಪೆಡಲ್ ಕಡೆಯ ಪಿನ್ ಹೊರಗೆ ತಳ್ಳಿ. ಪಿನ್ ಬರದೆ ಹಟ ಮಾಡಿದರೆ ಸುತ್ತಿಗೆ ಹಿಡಿಯಬೇಡಿ. ರಬ್ಬರ್ ಬೂಟನ್ನು ಹಿಂದೆ ಸರಿಸಿ, ಬೋಲ್ಟ್ ತೆಗೆದ ಮೇಲೆ ಸಿಲಿಂಡರನ್ನೇ ರಾಡಿನಿಂದ ಜಾರಿಸಬಹುದು. ರಾಡ್ ಪೆಡಲಿನಲ್ಲೇ ಉಳಿದರೂ ತೊಂದರೆ ಇಲ್ಲ. ಪಿನ್ ಕೈಗೆ ಬಂದರೆ ಅದರ ನಡುಭಾಗ ನೋಡಿ, ಸವೆದು ಸೊಂಟ ಸಣ್ಣಗಾಗಿದ್ದರೆ ಹೊಸದು ಹಾಕಿ. ಪೆಡಲಿನ ಸುಳ್ಳು ಆಟಕ್ಕೆ ಅರ್ಧ ಕಾರಣ ಆ ಸವೆತ.

6. ಆ ಎರಡು ಬೋಲ್ಟು

ಹೆಚ್ಚಿನವರು ಇಲ್ಲಿಯೇ ಸಿಕ್ಕಿಹಾಕಿಕೊಳ್ಳುವುದು. ಎರಡು ಉದ್ದ ಬೋಲ್ಟುಗಳು ಚಾಸಿ ಕಂಬಿಯನ್ನು ಅಡ್ಡಡ್ಡ ತೂರಿ ಸಿಲಿಂಡರನ್ನು ಹಿಡಿದಿವೆ. ನಟ್ ಬಿಚ್ಚುವುದು ಸುಲಭ. ಬೋಲ್ಟ್ ಎಳೆದರೆ ಅರ್ಧ ಬಂದು ನಿಂತುಬಿಡುತ್ತೆ. ಕಾರಣ ಟಾರ್ಷನ್ ಬಾರ್. ಮೈನರ್‌ನ ಮುಂದಿನ ಚಕ್ರಕ್ಕೆ ಸುರುಳಿ ಸ್ಪ್ರಿಂಗಿಲ್ಲ, ಉದ್ದಕ್ಕೆ ಮಲಗಿಸಿದ ಒಂದು ಉಕ್ಕಿನ ಸರಳು ತಿರುಚಿಕೊಂಡೇ ಸ್ಪ್ರಿಂಗಿನ ಕೆಲಸ ಮಾಡುತ್ತೆ. ಆ ಸರಳು ಬೋಲ್ಟ್ ಹೊರಬರುವ ದಾರಿಯಲ್ಲೇ ಅಡ್ಡ ಇದೆ.

ದಾರಿ ಎರಡು. ಮೊದಲನೆಯದು, ಚಾಸಿಗೂ ಟಾರ್ಷನ್ ಬಾರಿಗೂ ನಡುವೆ ಗಟ್ಟಿ ಮರದ ಬೆಣೆ ಅಥವಾ ಉದ್ದ ಹಾರೆ ಕೊಟ್ಟು ಸರಳನ್ನು ಕೆಲವೇ ಮಿಲಿಮೀಟರ್ ಸರಿಸಿ ಹಿಡಿದು, ಇನ್ನೊಬ್ಬರು ಬೋಲ್ಟನ್ನು ತಿರುಗಿಸುತ್ತಾ ಎಳೆಯುವುದು. ಸರಳು ಉದ್ದವಾಗಿರುವುದರಿಂದ ಅಷ್ಟು ಬಾಗುತ್ತೆ. ಹಾರೆ ಜಾರಿದರೆ ಬೆರಳು ನಜ್ಜಾಗುತ್ತೆ, ಹಾಗಾಗಿ ಕೈ ಎಲ್ಲಿಟ್ಟಿದ್ದೀರಿ ಅಂತ ನೋಡಿಕೊಂಡೇ ಬಲ ಹಾಕಿ. ಸರಳಿನ ಮೈಗೆ ಉಳಿ, ಗರಗಸದ ಗೀರು ಬೀಳದಂತೆ ನೋಡಿಕೊಳ್ಳಿ. ತಿರುಚುವ ಉಕ್ಕಿಗೆ ಬಿದ್ದ ಗೀರಿನಿಂದಲೇ ಮುಂದೆ ಬಿರುಕು ಶುರುವಾಗುತ್ತೆ.

ಎರಡನೆಯದು, ಬೋಲ್ಟನ್ನು ಗರಗಸದಲ್ಲಿ ಕೊಯ್ದು ಎರಡು ತುಂಡಾಗಿ ತೆಗೆಯುವುದು. ಹೊಸ ಬೋಲ್ಟ್ ತಂದಿಟ್ಟುಕೊಳ್ಳಿ ಅಂದದ್ದು ಇದಕ್ಕೇ. ತುಕ್ಕು ಹಿಡಿದ ಹಳೇ ಬೋಲ್ಟ್ ಮೇಲೆ ಮಮತೆ ಬೇಡ, ನನ್ನ ಪ್ರಕಾರ ಇದೇ ನೆಮ್ಮದಿಯ ದಾರಿ.

ಟಾರ್ಷನ್ ಬಾರನ್ನೇ ಬಿಚ್ಚುತ್ತೇನೆ ಅಂತ ಮಾತ್ರ ಹೊರಡಬೇಡಿ. ಅದರಲ್ಲಿ ಮುಂದಿನ ಚಕ್ರದ ಭಾರವೆಲ್ಲ ತಿರುಚಿಕೊಂಡು ಕೂತಿದೆ, ಕೈ ಮುರಿಯುವಷ್ಟು ಬಲ. ಮೈನರ್ ಕೆಲಸ ಗೊತ್ತಿರುವ ಮೆಕ್ಯಾನಿಕ್ ಜೊತೆಗಿದ್ದರೆ ಮಾತ್ರ ಅದು ಸರಿ.

7. ಹೊಸ ಸಿಲಿಂಡರ್ ಕೂರಿಸುವ ಮುಂಚೆ

ಡಬ್ಬದಿಂದ ತೆಗೆದು ನೇರ ಹಾಕಬೇಡಿ. ಬೋರಿನ ಉದ್ದ, ಬೋಲ್ಟ್ ತೂತುಗಳ ಜಾಗ, ಪೈಪಿನ ಥ್ರೆಡ್ ಹಳೆಯದಕ್ಕೆ ಹೊಂದುತ್ತಾ ಅಂತ ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ ವೈಸ್‌ನಲ್ಲಿ ಮೆಲ್ಲಗೆ ಕಚ್ಚಿಸಿ, ಹೊಸ ಆಯಿಲ್ ತುಂಬಿ, ಮೊಂಡು ತುದಿಯ ಕಡ್ಡಿಯಿಂದ ಪಿಸ್ಟನ್ನನ್ನು ನಿಧಾನಕ್ಕೆ ಒತ್ತಿ ಬಿಡಿ. ತುದಿಯಿಂದ ಗುಳ್ಳೆ ಬರುವುದು ನಿಂತು ಬರೀ ಆಯಿಲ್ ಬರುವವರೆಗೆ ಮಾಡಿ. ಇಲ್ಲಿ ಗಾಳಿ ತೆಗೆದರೆ ಆಮೇಲೆ ಕಾರಿನ ಕೆಳಗೆ ಒದ್ದಾಡುವುದು ಅರ್ಧ ಕಡಿಮೆ.

ಸ್ಲೀವ್ ಹಾಕಿಸಿ ನೀವೇ ಒಳಭಾಗ ಜೋಡಿಸುತ್ತಿದ್ದರೆ ಕ್ರಮ ಹೀಗೆ: ತಳದಲ್ಲಿ ರಬ್ಬರ್ ವಾಷರ್ ಮತ್ತು ವಾಲ್ವ್, ಅದರ ಮೇಲೆ ಸ್ಪ್ರಿಂಗ್, ಆಮೇಲೆ ಮುಖ್ಯ ಕಪ್, ಅದರ ತುಟಿ ಸ್ಪ್ರಿಂಗಿನ ಕಡೆ. ನಂತರ ತೆಳುವಾದ ಬಾಗಿದ ವಾಷರ್, ಆಮೇಲೆ ಪಿಸ್ಟನ್, ಕೊನೆಗೆ ತಡೆ ವಾಷರ್ ಮತ್ತು ಸರ್ಕ್ಲಿಪ್, ಅಂದರೆ ಎಲ್ಲವನ್ನೂ ಒಳಗೆ ಹಿಡಿದಿಡುವ ಸ್ಪ್ರಿಂಗ್ ಉಂಗುರ. ಆ ತೆಳು ವಾಷರನ್ನು ಮರೆಯುವವರು ಬಹಳ. ಅದಿಲ್ಲದಿದ್ದರೆ ಪಿಸ್ಟನ್ನಿನ ತೂತುಗಳೊಳಗೆ ರಬ್ಬರ್ ಹೀರಿಕೊಂಡು ಕಪ್ ಬೇಗ ಹರಿಯುತ್ತೆ. ರಬ್ಬರಿಗೆ ಬ್ರೇಕ್ ಆಯಿಲ್ ಮಾತ್ರ ಸವರಿ, ಗ್ರೀಸ್ ಬೇಡ. ಸ್ಕ್ರೂಡ್ರೈವರ್ ತುದಿಯಿಂದ ತುಟಿಯನ್ನು ಒಳಗೆ ತಳ್ಳಬೇಡಿ, ಬೆರಳಿನಿಂದ ತಳ್ಳಿ.

8. ಮತ್ತೆ ಜೋಡಣೆ

ಕೊನೆಗೆ ಬಿಚ್ಚಿದ್ದನ್ನು ಮೊದಲು ಅನ್ನುವ ಕ್ರಮದಲ್ಲಿ ಜೋಡಿಸುತ್ತಾ ಬನ್ನಿ. ಬೋಲ್ಟುಗಳನ್ನು ಎದುರು ದಿಕ್ಕಿನಿಂದ ತೂರಿಸಿ, ಮುಂದಿನ ಸಲ ಟಾರ್ಷನ್ ಬಾರ್ ಕಾಟ ಇರುವುದಿಲ್ಲ. ಆದರೆ ಹಾಗೆ ಹಾಕಿದಾಗ ಬೋಲ್ಟಿನ ತುದಿ, ನಟ್ಟು ಸರಳಿಗೆ ತಾಗಬಾರದು. ಕಾರು ಇಳಿಸಿ ಚಕ್ರದ ಮೇಲೆ ಭಾರ ಬಿದ್ದ ಮೇಲೂ ಬೆರಳು ತೂರಿಸಿ ಅಂತರ ನೋಡಿ. ತಾಗುತ್ತೆ ಅನಿಸಿದರೆ ಬೋಲ್ಟ್ ಉದ್ದ ಕಡಿಮೆ ಮಾಡಿ.

ಪೈಪಿನ ನಟ್ಟುಗಳನ್ನು ಮೊದಲು ಕೈಬೆರಳಿನಲ್ಲೇ ಮೂರ್ನಾಲ್ಕು ಸುತ್ತು ಹತ್ತಿಸಿ. ಸಿಲಿಂಡರಿನ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡುವ ಮುಂಚೆಯೇ ಇದನ್ನು ಮಾಡಿದರೆ ಸಿಲಿಂಡರನ್ನು ಅತ್ತಿತ್ತ ಆಡಿಸಿ ಥ್ರೆಡ್ ನೇರಕ್ಕೆ ತರಬಹುದು. ಬೆರಳಿನಲ್ಲಿ ಹತ್ತದ ನಟ್ಟಿಗೆ ಸ್ಪ್ಯಾನರ್ ಹಾಕಿದರೆ ಅಡ್ಡ ಥ್ರೆಡ್ ಆಗಿ ಹೊಸ ಸಿಲಿಂಡರೇ ಹೋಗುತ್ತೆ.

9. ಪೆಡಲಿನ ಪ್ಲೇ

ಪೆಡಲ್ ಮೇಲೆ ಕಾಲಿಲ್ಲದಾಗ ಪುಶ್ ರಾಡಿಗೂ ಪಿಸ್ಟನ್ನಿಗೂ ನಡುವೆ ಚೂರು ಅಂತರ ಇರಲೇಬೇಕು, 1/32 ಇಂಚು, ಅಂದರೆ ಸುಮಾರು 0.8 ಮಿ.ಮೀ. ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿದರೆ ರಾಡ್ ಪಿಸ್ಟನ್ನಿಗೆ ತಾಗುವ ಮೊದಲು ಪೆಡಲ್ ತುದಿ ಖಾಲಿ ಚಲಿಸುವುದು ಗೊತ್ತಾಗುತ್ತೆ.

ಯಾಕೆ ಇದು ಇಷ್ಟು ಮುಖ್ಯ ಅಂದರೆ, ಮೇಲೆ ಹೇಳಿದೆನಲ್ಲ, ಸೂಜಿ ತೂರುವಷ್ಟು ಸಣ್ಣ ತೂತು, ಅದು ಕಪ್ಪಿನ ತುಟಿಯ ಮುಂದೆಯೇ ಇರುತ್ತೆ. ಬ್ರೇಕ್ ಹಿಡಿದಾಗ ಡ್ರಮ್ ಕಾಯುತ್ತೆ, ಆಯಿಲ್ ಕಾಯುತ್ತೆ, ಕಾದ ಆಯಿಲ್ ಹಿಗ್ಗುತ್ತೆ. ಹಿಗ್ಗಿದ ಆಯಿಲ್ ವಾಪಸ್ ಟ್ಯಾಂಕಿಗೆ ಹೋಗಲು ಇರುವ ದಾರಿ ಆ ತೂತು ಒಂದೇ. ಪ್ಲೇ ಇಲ್ಲದೆ ರಾಡ್ ಪಿಸ್ಟನ್ನನ್ನು ಚೂರು ಒತ್ತಿ ಹಿಡಿದಿದ್ದರೆ ಕಪ್ಪಿನ ತುಟಿ ತೂತನ್ನು ಮುಚ್ಚಿರುತ್ತೆ. ಆಗ ಆಯಿಲ್ ಹಿಗ್ಗಿದಷ್ಟೂ ಶೂಗಳು ಡ್ರಮ್ಮಿಗೆ ಒತ್ತುತ್ತವೆ, ಉಜ್ಜಿ ಇನ್ನಷ್ಟು ಕಾಯುತ್ತೆ, ಇನ್ನಷ್ಟು ಒತ್ತುತ್ತೆ. ಮನೆ ಮುಂದೆ ಒಂದು ಸುತ್ತು ಹಾಕಿದಾಗ ಏನೂ ಗೊತ್ತಾಗುವುದಿಲ್ಲ. ನಂದಿ ಬೆಟ್ಟ, ಚಾಮುಂಡಿ ಬೆಟ್ಟ ಇಳಿಯುವಾಗ ನಾಲ್ಕೂ ಚಕ್ರ ಕಚ್ಚಿಕೊಂಡು ಹೊಗೆ ಬರುತ್ತೆ.

ರಾಡಿನಲ್ಲಿ ಲಾಕ್ ನಟ್ ಇದ್ದರೆ ಅದನ್ನು ಸಡಿಲಿಸಿ ಉದ್ದ ಹೊಂದಿಸಿ. ಇಲ್ಲದಿದ್ದರೆ ಪೆಡಲ್ ಪೂರ್ತಿ ಹಿಂದೆ ಬರುತ್ತಿಲ್ಲ ಅಂತಲೇ ಹುಡುಕಬೇಕು. ದಪ್ಪ ಕಾರ್ಪೆಟ್ ತಡೆಯುತ್ತಿರಬಹುದು, ರಿಟರ್ನ್ ಸ್ಪ್ರಿಂಗ್ ಸೋತಿರಬಹುದು, ಪೆಡಲಿನ ಬುಷ್ ಒಣಗಿ ಬಿಗಿದಿರಬಹುದು, ಯಾರೋ ಬೇರೆ ಕಾರಿನ ರಾಡ್ ಹಾಕಿರಬಹುದು.

ಪರೀಕ್ಷೆ ಸುಲಭ. ಫಿಲ್ಲರ್ ಪ್ಲಗ್ ತೆಗೆದು ಟಾರ್ಚ್ ಬಿಡಿ, ಜೊತೆಯವರು ಪೆಡಲನ್ನು ಕೈಯಿಂದ ಚೂರೇ ಚೂರು ಒತ್ತಲಿ. ಒತ್ತಿದ ಮೊದಲ ಕ್ಷಣದಲ್ಲಿ ಆಯಿಲ್ ಮೇಲೆ ಸಣ್ಣ ಬುಗ್ಗೆ ಏಳಬೇಕು. ಎದ್ದರೆ ತೂತು ತೆರೆದಿದೆ. ಮುಖ ತೀರಾ ಹತ್ತಿರ ತರಬೇಡಿ, ಜೋರಾಗಿ ತುಳಿದರೆ ಅದು ಕಣ್ಣಿಗೇ ಚಿಮ್ಮುತ್ತೆ.

10. ಶೂ ಅಡ್ಜಸ್ಟ್, ಆಮೇಲೆ ಗಾಳಿ ತೆಗೆಯುವುದು

ಇನ್ನು ನಾಲ್ಕೂ ಚಕ್ರದ ಕೆಲಸ, ಹಾಗಾಗಿ ಹಿಂಭಾಗವನ್ನೂ ಎತ್ತಿ ಸ್ಟ್ಯಾಂಡ್ ಕೊಡಿ. ಮೊದಲು ಎಲ್ಲ ಶೂಗಳನ್ನೂ ಡ್ರಮ್ಮಿಗೆ ಬಿಗಿಯಾಗಿ ಅಡ್ಜಸ್ಟ್ ಮಾಡಿ. ಮುಂದಿನ ಒಂದೊಂದು ಚಕ್ರಕ್ಕೆ ಎರಡೆರಡು ಅಡ್ಜಸ್ಟರ್, ಹಿಂದಿನದಕ್ಕೆ ಒಂದೊಂದು. ಚಕ್ರ ತೆಗೆದು ಡ್ರಮ್ಮಿನ ತೂತಿನಿಂದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಬೇಕು. ಮುಂದಿನ ಎರಡರಲ್ಲಿ ಒಂದನ್ನು ಮಾತ್ರ ಮಾಡಿ ಬಿಡುವುದು ಬಹಳ ಸಾಮಾನ್ಯ ತಪ್ಪು. ಶೂ ಬಿಗಿ ಇದ್ದಾಗ ಗಾಳಿ ತೆಗೆಯುವುದು ಬೇಗ ಆಗುತ್ತೆ.

ಗಾಳಿ ತೆಗೆಯುವುದು, ಅಂದರೆ ಬ್ಲೀಡಿಂಗ್, ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು. ನಮ್ಮ ಬಲಗಡೆ ಸ್ಟಿಯರಿಂಗಿನ ಕಾರಿಗೆ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಚಕ್ರದ ಹಿಂಬದಿಯಲ್ಲಿ ಗಾಳಿ ಬಿಡಲು ಇರುವ ಟೊಳ್ಳು ಸ್ಕ್ರೂವೇ ನಿಪ್ಪಲ್. ಅದಕ್ಕೆ ಕೊಳವೆ ಹಾಕಿ ಅದರ ಇನ್ನೊಂದು ತುದಿ ಬಾಟಲಿಯ ಆಯಿಲ್ ಒಳಗೆ ಮುಳುಗಿರಲಿ. ಜೊತೆಯವರು ಪೆಡಲ್ ನಿಧಾನಕ್ಕೆ ಒತ್ತಿ ಹಿಡಿಯಬೇಕು. ನೀವು ನಿಪ್ಪಲ್ ಅರ್ಧ ಸುತ್ತು ತೆರೆದು, ಆಯಿಲ್ ಬಂದ ಮೇಲೆ ಮುಚ್ಚಿ, "ಬಿಡಿ" ಅನ್ನಬೇಕು. ನೀವು ಮುಚ್ಚುವ ಮುಂಚೆ ಅವರು ಕಾಲೆತ್ತಿದರೆ ಗಾಳಿ ಮತ್ತೆ ಒಳಗೆ.

ಆಯಿಲ್ ಟ್ಯಾಂಕ್ ಪುಟ್ಟದು. ಐದಾರು ಸಲ ಒತ್ತುವುದರಲ್ಲಿ ಖಾಲಿ ಆಗುತ್ತೆ, ಒಮ್ಮೆ ಖಾಲಿಯಾದರೆ ಮೊದಲಿಂದ ಶುರು. ಮೇಲಿಂದ ಮೇಲೆ ತುಂಬುತ್ತಿರಿ. ಫಿಲ್ಲರ್ ಬಾಯಿ ಪೆಡಲ್ ತುಳಿಯುವವರ ಕಾಲ ಪಕ್ಕದಲ್ಲೇ ತೆರೆದಿರುತ್ತೆ, ಹಾಗಾಗಿ ಅವರು ಚಪ್ಪಲಿ, ಶೂ ಹೊರಗೆ ಬಿಟ್ಟು ಬರಿಗಾಲಲ್ಲಿ ಕೂರಲಿ. ಒಂದು ಮರಳಿನ ಕಣ ಒಳಗೆ ಬಿದ್ದರೂ ಹೊಸ ಕಪ್ಪಿಗೆ ಗೀರು.

ಗುಳ್ಳೆ ನಿಂತ ಮೇಲೆ ಅಡ್ಜಸ್ಟರ್‌ಗಳನ್ನು ಚಕ್ರ ಸಲೀಸಾಗಿ ತಿರುಗುವಷ್ಟು ಒಂದೊಂದು ಹಲ್ಲು ಹಿಂದಕ್ಕೆ ಬಿಡಿ. ಆಯಿಲ್ ಮಟ್ಟ ಫಿಲ್ಲರಿನ ಬಾಯಿಗಿಂತ ಅರ್ಧ ಇಂಚು ಕೆಳಗಿರಲಿ. ಬಾಯಿವರೆಗೆ ತುಂಬಬೇಡಿ, ಹಿಗ್ಗಲು ಜಾಗ ಬೇಕು.

ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಮೆತ್ತಗೇ ಇದ್ದರೆ ಮೂರು ರಬ್ಬರ್ ಹೋಸುಗಳನ್ನು ನೋಡಿ, ಮುಂದೆ ಎರಡು, ಹಿಂದಿನ ಆಕ್ಸಲ್ಲಿಗೆ ಒಂದು. ಪೆಡಲ್ ಒತ್ತಿದಾಗ ಹೋಸ್ ಉಬ್ಬುವುದು ಕೈಗೆ ಗೊತ್ತಾಗುತ್ತೆ. ಹೊಸ ಮಾಸ್ಟರ್ ಸಿಲಿಂಡರಿನ ಪೂರ್ತಿ ಒತ್ತಡ ಬಿದ್ದಾಗ ಹಳೇ ವೀಲ್ ಸಿಲಿಂಡರ್‌ಗಳು (ಚಕ್ರದೊಳಗೆ ಶೂ ತಳ್ಳುವ ಸಣ್ಣ ಸಿಲಿಂಡರ್‌ಗಳು) ಸೋರಲು ಶುರು ಮಾಡುವುದೂ ಉಂಟು, ಡ್ರಮ್ ತೆಗೆದು ಅವುಗಳ ಬೂಟನ್ನೂ ಎತ್ತಿ ನೋಡಿ.

11. ರಸ್ತೆಗೆ ಇಳಿಯುವ ಮುಂಚೆ

ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ, ಚೂರೂ ಇಳಿಯಬಾರದು. ಹಿಡಿದಿರುವಾಗಲೇ ಇನ್ನೊಬ್ಬರು ಕೆಳಗಿನಿಂದ ಪ್ರತಿ ಜೋಡಣೆಗೂ ಒಣ ಕಾಗದ ಒತ್ತಿ ನೋಡಲಿ. ಬ್ಯಾಟರಿ ಜೋಡಿಸಿ ಸ್ಟಾಪ್ ಲೈಟ್ ಹತ್ತುತ್ತಾ ನೋಡಿ. ಹತ್ತಾರು ಸಲ ತುಳಿದು ಬಿಟ್ಟು, ನಾಲ್ಕೂ ಚಕ್ರ ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಮತ್ತೆ ಒಂಬತ್ತನೇ ಹಂತಕ್ಕೆ ಹೋಗಿ.

ಮೊದಲ ಓಟ ಖಾಲಿ ಮೈದಾನದಲ್ಲಿ, ನಡಿಗೆಯ ವೇಗದಲ್ಲಿ, ಕೈ ಹ್ಯಾಂಡ್ ಬ್ರೇಕ್ ಹತ್ತಿರ ಇರಲಿ. ಆಮೇಲೆ ನಾಲ್ಕೈದು ಕಿಲೋಮೀಟರ್ ಓಡಿಸಿ, ನಡುವೆ ಹತ್ತಾರು ಸಲ ಬ್ರೇಕ್ ಹಿಡಿದು, ನಿಲ್ಲಿಸಿ ಡ್ರಮ್ಮಿನ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ನಾಲ್ಕೂ ಹೆಚ್ಚು ಕಡಿಮೆ ಒಂದೇ ಥರ ಬೆಚ್ಚಗಿರಬೇಕು. ಒಂದೇ ಚಕ್ರ ಸುಡುತ್ತಿದ್ದರೆ ಆ ಚಕ್ರದ ಅಡ್ಜಸ್ಟರ್, ವೀಲ್ ಸಿಲಿಂಡರ್ ಅಥವಾ ಹೋಸ್ ನೋಡಿ. ನಾಲ್ಕೂ ಸುಡುತ್ತಿದ್ದು ಕಾರು ತಾನಾಗಿ ಉರುಳದಿದ್ದರೆ ಪ್ಲೇ ಇಲ್ಲ ಅಂತ ಅರ್ಥ. ಒಂದು ವಾರ ಬಿಟ್ಟು ಕಾರ್ಪೆಟ್ ಎತ್ತಿ ಆಯಿಲ್ ಮಟ್ಟ ನೋಡಿ, ಬೋಲ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಕೊಡಿ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರು ಹೀರುತ್ತೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ನೀರು ಹೀರಿದ ಮೇಲೆ ಆ ಮಿತಿ 155ರವರೆಗೂ ಇಳಿಯಬಹುದು. ಬೋರಿಗೆ ತುಕ್ಕು ಹಿಡಿಸುವುದೂ ಆ ನೀರೇ. ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಿಸಿ. ಮಂಗಳೂರು, ಉಡುಪಿ ಕಡೆಯವರು, ಘಾಟಿ ಇಳಿಯುವವರು ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬದಲಿಸಿದರೆ ಒಳ್ಳೆಯದು. ಕಾರು ಓಡಿಸದೆ ಶೆಡ್ಡಿನಲ್ಲಿ ನಿಲ್ಲಿಸಿದ್ದರೂ ಇದು ತಪ್ಪುವುದಿಲ್ಲ. ನಿಂತ ಕಾರಿನ ಪೆಡಲನ್ನು ವಾರಕ್ಕೊಮ್ಮೆ ನಾಲ್ಕು ಸಲ ಒತ್ತಿ ಬಿಟ್ಟರೆ ಕಪ್ ಒಂದೇ ಕಡೆ ಅಂಟಿಕೊಳ್ಳುವುದಿಲ್ಲ.